ವಾಯುಗುಣದ ಬದಲಾವಣೆಯೂ ಬೆಳೆಯ ಗಣಿತವೂ: ಜೇಜುರಿಯ ಸುತ್ತಣ ನೆಲವನ್ನು ಕುರಿತು

ಪುಣೆಯಲ್ಲಿ ನೆಲಸಿದ ಕನ್ನಡಿಗರಲ್ಲಿ ಜೇಜುರಿಯ ಬೆಟ್ಟವನ್ನು ಒಮ್ಮೆಯಾದರೂ ಏರದವರು ವಿರಳವೆಂದೇ ಹೇಳಬೇಕು. ಮರಾಠಿಗರ ಖಂಡೋಬನು ನಮ್ಮ ಮೈಲಾರಲಿಂಗನೇ ಆದುದರಿಂದ, ಬಳ್ಳಾರಿ ಧಾರವಾಡ ವಿಜಯಪುರಗಳ ಕಡೆಯಿಂದ ಬಂದವರಿಗೆ ಅಲ್ಲಿಯ ಭಂಡಾರವಾಗಲಿ, ಏಳುಕೋಟಿಯ ಉದ್ಘೋಷವಾಗಲಿ ಹೊಸದೆನಿಸುವುದಿಲ್ಲ. ಆದರೆ ದರ್ಶನ ಮುಗಿಸಿದ ಮೇಲೆ ಕೋಟೆಯ ಗೋಡೆಯ ಮಗ್ಗುಲಿಗೆ ನಿಂತು ಸುತ್ತಣ ನೆಲವನ್ನು ಗಮನವಿಟ್ಟು ನೋಡುವವರು ಕಡಿಮೆ. ಪಡುವಣದಲ್ಲಿ ಪುರಂದರದ ದುರ್ಗ. ಕೆಳಗೆ ಕರ್ಹಾ ನದಿ ಮತ್ತು ಅದಕ್ಕೆ ಕಟ್ಟಿದ ನಾಝರೆಯ ಜಲಾಶಯ. ನದಿಯ ಇಕ್ಕೆಲಗಳಲ್ಲಿ ತುಸು ಎರೆಭೂಮಿ, ಅದರಾಚೆ ತೆಳುಮಣ್ಣಿನ ಬೋಳುದಿಣ್ಣೆಗಳು. ಜೋಳ, ಸಜ್ಜೆ, ಅಲ್ಲಲ್ಲಿ ಅಂಜೂರ ಮತ್ತು ಸೀತಾಫಲದ ತೋಟಗಳು. ವಿಜಯಪುರದ ಸೀಮೆಯನ್ನು ಬಲ್ಲವರಿಗೆ ಇದು ಪರಿಚಿತ ಮುಖವೇ ಸರಿ. ಭೂಮಂಡಲದ ಉಷ್ಣತೆ ಏರುತ್ತಿರುವ ಈ ಕಾಲದಲ್ಲಿ ಇಂಥ ನೆಲದ ಬೆಳೆಗೆ ಏನಾದೀತೆಂದು ಶಾಸ್ತ್ರಜ್ಞರು ಗಣಿತದಿಂದ ಹೇಗೆ ಎಣಿಸುತ್ತಾರೆ, ಆ ಎಣಿಕೆಯಲ್ಲಿ ಎಷ್ಟನ್ನು ನಂಬಬೇಕು ಎಂಬುದು ಈ ಲೇಖನದ ವಿಷಯ.

ಬೆಳೆಯ ಭವಿಷ್ಯವನ್ನು ಕೇಳುವ ಪದ್ಧತಿ ಮೈಲಾರನ ಒಕ್ಕಲಿಗೆ ಹೊಸದಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತಹುಣ್ಣಿಮೆಯ ಜಾತ್ರೆಯಲ್ಲಿಯೂ ರಾಣಿಬೆನ್ನೂರಿನ ಬಳಿಯ ದೇವರಗುಡ್ಡದಲ್ಲಿ ನವರಾತ್ರಿಯ ಸಮಯದಲ್ಲಿಯೂ ಗೊರವಯ್ಯನು ಬಿಲ್ಲನ್ನೇರಿ ಒಂದೇ ವಾಕ್ಯವನ್ನು ನುಡಿಯುತ್ತಾನೆ. ಅದೇ ಕಾರಣಿಕ. ನೆರೆದ ಸಹಸ್ರಾರು ರೈತರು ಆ ವಾಕ್ಯದಿಂದ ಮಳೆಬೆಳೆಗಳ ಅರ್ಥವನ್ನು ಹೊರಡಿಸಿಕೊಂಡು ಮನೆಗೆ ಹಿಂದಿರುಗುತ್ತಾರೆ. ಇಲ್ಲಿ ಅದನ್ನು ನೆನೆದುದು ಪರಿಹಾಸ್ಯಕ್ಕಾಗಿ ಅಲ್ಲ. ಕಾರಣಿಕದ ವಾಕ್ಯಕ್ಕೆ ವರ್ಷ ಕಳೆದ ಮೇಲೆಯೂ ಅರ್ಥ ಹೇಳಬಹುದು. ಗಣಿತದ ಮಾತು ತಾನು ಯಾವ ಸಂದರ್ಭದಲ್ಲಿ ಸುಳ್ಳಾಗುವೆನೆಂಬುದನ್ನೂ ಮೊದಲೇ ಹೇಳಿರಬೇಕು. ಇಷ್ಟೇ ಭೇದ; ಆದರೆ ಇದು ಸಣ್ಣ ಭೇದವಲ್ಲ.

ಈ ಗಣಿತದ ಇತಿಹಾಸದಲ್ಲಿ ಪುಣೆಗೆ ದೊಡ್ಡ ಸ್ಥಾನವಿದೆ. ಭಾರತದ ಹವಾಮಾನ ಇಲಾಖೆಯ ಪ್ರಧಾನ ಕಚೇರಿ ೧೯೨೮ರಲ್ಲಿ ಸಿಮ್ಲಾದಿಂದ ಈ ಊರಿಗೆ ಬಂದಿತು. ೧೯೪೪ರಲ್ಲಿ ಅದು ದೆಹಲಿಗೆ ಹೋದರೂ ಶಿವಾಜಿನಗರದ ಆ ಕಟ್ಟಡವನ್ನು ಜನ ಸಿಮ್ಲಾ ಆಫೀಸೆಂದೇ ಕರೆಯುತ್ತ ಬಂದಿದ್ದಾರೆ. ೧೯೩೨ರಲ್ಲಿ ಎಲ್. ಎ. ರಾಮದಾಸರ ನೇತೃತ್ವದಲ್ಲಿ ಕೃಷಿ ಹವಾಮಾನ ವಿಭಾಗವು ಇಲ್ಲಿಯೇ ಪ್ರಾರಂಭವಾಯಿತು. ಬೆಳೆಯು ಅನುಭವಿಸುವ ಹವೆಯೂ ನಾಲ್ಕಡಿ ಎತ್ತರದ ಪೆಟ್ಟಿಗೆಯಲ್ಲಿಟ್ಟ ಉಷ್ಣಮಾಪಕವು ತೋರಿಸುವ ಹವೆಯೂ ಒಂದೇ ಅಲ್ಲವೆಂಬುದನ್ನು ರಾಮದಾಸರು ಬಹು ಮೊದಲೇ ಮನಗಂಡಿದ್ದರು. ಗಾಳಿಯಿಲ್ಲದ ನಿರಭ್ರ ರಾತ್ರಿಗಳಲ್ಲಿ ಅತ್ಯಂತ ತಣ್ಣನೆಯ ಪದರವು ನೆಲದ ಮೇಲಲ್ಲ, ನೆಲದಿಂದ ಗೇಣು ಎರಡು ಗೇಣು ಮೇಲೆ ಇರುತ್ತದೆಂದು ಅವರು ೧೯೩೨ರಲ್ಲಿ ತೋರಿಸಿದಾಗ ಅನೇಕರು ನಂಬಲಿಲ್ಲ. ಅದಕ್ಕೆ ತೃಪ್ತಿಕರವಾದ ವಿವರಣೆ ದೊರೆತದ್ದು ೧೯೯೩ರಲ್ಲಿ, ಬೆಂಗಳೂರಿನ ರೊದ್ದಂ ನರಸಿಂಹ ಮತ್ತು ಅವರ ಸಂಗಡಿಗರಿಂದ. ಪುಣೆಯ ಉಷ್ಣಮಾಪಕ ಎತ್ತಿದ ಪ್ರಶ್ನೆಗೆ ಬೆಂಗಳೂರು ಅರುವತ್ತು ವರ್ಷಗಳ ಮೇಲೆ ಉತ್ತರ ಕೊಟ್ಟಿತೆಂಬುದು ನಮಗೆ ಸ್ವಲ್ಪ ಸಂತೋಷದ ವಿಷಯವೇ.

ಬೆಳೆಯನ್ನು ಗಣಿತಕ್ಕೆ ಒಳಪಡಿಸುವುದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಹಳೆಯ ದಾಖಲೆಗಳನ್ನು ಎದುರುಬದುರಾಗಿ ಇಟ್ಟು ಮಳೆಗೂ ಇಳುವರಿಗೂ ಸಂಬಂಧವನ್ನು ಹುಡುಕುವುದು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕ್ಷೇತ್ರದ ಗೋಧಿಯ ದಾಖಲೆಗಳ ಮೇಲೆ ಆರ್. ಎ. ಫಿಶರರು ೧೯೨೦ರ ದಶಕದಲ್ಲಿ ಮಾಡಿದ ಕೆಲಸ ಈ ದಾರಿಯ ಆದರ್ಶ. ಅಲ್ಲಿ ಸರಾಸರಿಗಿಂತ ಹೆಚ್ಚಿನ ಮಳೆ ಬಹುಮಟ್ಟಿಗೆ ನಷ್ಟಕ್ಕೇ ಕಾರಣವೆಂದು ಕಂಡುಬಂದಿತು! ಜೇಜುರಿಯ ರೈತನಿಗೆ ಈ ಮಾತನ್ನು ಹೇಳಿದರೆ ಆತನು ನಮ್ಮನ್ನು ಕರುಣೆಯಿಂದ ನೋಡಿಯಾನು. ನಮ್ಮ ಕಡೆ ಇಂಥ ಕೆಲಸಕ್ಕೆ ಕೈಯಿಕ್ಕಿದವರು ಹೆರಾಲ್ಡ್ ಮ್ಯಾನ್. ಪುಣೆಯ ಕೃಷಿ ಕಾಲೇಜಿನ ಪ್ರಿನ್ಸಿಪಾಲರಾಗಿ, ಮುಂದೆ ಮುಂಬಯಿ ಪ್ರಾಂತದ ಕೃಷಿ ನಿರ್ದೇಶಕರಾಗಿ ಇದ್ದ ಈ ಮಹಾಶಯರು ದಖನ್ನಿನ ೧೮೬೫ರಿಂದ ೧೯೩೮ರ ವರೆಗಿನ ಮಳೆಯನ್ನೂ ಬರಗಳನ್ನೂ ಕುರಿತು ಬರೆದ ಗ್ರಂಥ ೧೯೫೫ರಲ್ಲಿ ಪ್ರಕಟವಾಯಿತು.

ಈ ದಾರಿಯ ದೋಷವೇನೆಂದರೆ, ಹಿಂದೆ ಕಂಡ ಸಂಬಂಧವು ಮುಂದೆಯೂ ಹಾಗೆಯೇ ಇರುವುದೆಂಬ ಭರವಸೆಯಿಲ್ಲ. ಇದಕ್ಕೆ ಪುಣೆಯಿಂದಲೇ ನಿದರ್ಶನ ಕೊಡಬಹುದು. ಮುಂಗಾರಿನ ಮುನ್ಸೂಚನೆಗಾಗಿ ವಸಂತ ಗೋವಾರೀಕರ್ ಮತ್ತು ಸಂಗಡಿಗರು ಹದಿನಾರು ಅಂಶಗಳನ್ನು ಕೂಡಿಸಿ ರಚಿಸಿದ ಸಮೀಕರಣವನ್ನು ಹವಾಮಾನ ಇಲಾಖೆಯು ೧೯೮೮ರಿಂದ ಬಳಸುತ್ತಿತ್ತು. ೨೦೦೨ರಲ್ಲಿ ಆ ಸಮೀಕರಣವು ಸರಾಸರಿಯ ಶೇಕಡ ೧೦೧ರಷ್ಟು ಮಳೆಯಾಗುವುದೆಂದು ಹೇಳಿತು. ಬಿದ್ದದ್ದು ಶೇಕಡ ೮೧. ಆಮೇಲೆ ಸಮೀಕರಣವನ್ನು ಬದಲಿಸಲಾಯಿತು. ರಚಿಸಿದವರ ಬುದ್ಧಿಯಲ್ಲಿ ಕೊರತೆಯಿತ್ತೆಂದು ಇದರ ಅರ್ಥವಲ್ಲ. ಸಮುದ್ರ ಹಿಮ ಗಾಳಿಗಳ ನಡುವಣ ನಂಟು ಕಾಲಾನುಸಾರ ಸಡಿಲವಾಗುತ್ತದೆ, ಬಿಗಿಯಾಗುತ್ತದೆ. ಹವೆಯೇ ಹಿಂದೆಂದೂ ಕಾಣದ ಉಷ್ಣತೆಗೆ ಏರುತ್ತಿರುವಾಗ ಹಳೆಯ ನಂಟನ್ನೇ ನೆಚ್ಚಿ ೨೦೮೦ನೆಯ ಇಸವಿಯ ಮಾತನ್ನು ಆಡುವುದು ಇನ್ನೂ ಕಷ್ಟ.

ಆದುದರಿಂದ ಎರಡನೆಯ ದಾರಿ: ಸಸ್ಯವು ಬೆಳೆಯುವ ಕ್ರಮವನ್ನೇ ದಿನದಿನದ ಲೆಕ್ಕವಾಗಿ ಬರೆಯುವುದು. ಇದರ ತವರು ಹಾಲೆಂಡಿನ ವಾಗೆನಿಂಗೆನ್. ಆದ್ಯರಲ್ಲಿ ಮುಖ್ಯರು ಸಿ. ಟಿ. ಡಿ ವಿಟ್. ಎಲೆಗಳ ಹಂದರದ ಮೇಲೆ ಬೀಳುವ ಬೆಳಕಿನಿಂದ ಎಷ್ಟು ಸಸ್ಯದ್ರವ್ಯ ಉತ್ಪನ್ನವಾದೀತೆಂದು ಅವರು ೧೯೬೫ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆ ಪರಂಪರೆಯಲ್ಲಿ ಹುಟ್ಟಿದ ವೋಫೋಸ್ಟ್ ಎಂಬ ಮಾದರಿಯನ್ನು, ೧೯೮೮ರಲ್ಲಿ ಆರಂಭವಾದ ಯೋಜನೆಯೊಂದರ ಮೂಲಕ, ಯೂರೋಪಿನ ಒಕ್ಕೂಟವು ತನ್ನ ದೇಶಗಳ ಬೆಳೆಗಳ ಮುನ್ನಂದಾಜಿಗೆ ಬಳಸುತ್ತ ಬಂದಿದೆ. ನಮ್ಮಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನ ಸಂಸ್ಥೆಯ ಪಿ. ಕೆ. ಅಗರವಾಲ್ ಮತ್ತಿತರರು ಉಷ್ಣವಲಯದ ಬೆಳೆಗಳಿಗೆಂದು ಇನ್ಫೋಕ್ರಾಪ್ ಎಂಬ ಮಾದರಿಯನ್ನು ರಚಿಸಿ ೨೦೦೬ರಲ್ಲಿ ಪ್ರಕಟಿಸಿದರು.

ಇಂಥ ಮಾದರಿಯು ಮಾಡುವ ಕೆಲಸ ಅಂಗಡಿಯ ದಫ್ತರದ ಕೆಲಸವನ್ನು ಹೋಲುತ್ತದೆ. ಅದರಲ್ಲಿ ಮುಖ್ಯವಾಗಿ ಮೂರು ಖಾತೆಗಳು. ಒಂದರಲ್ಲಿ ಆ ದಿನದ ಬೆಳಕಿನಿಂದ ಎಷ್ಟು ಒಣದ್ರವ್ಯ ಕೂಡಿತೆಂಬುದನ್ನು ಬರೆಯುತ್ತಾರೆ. ಇನ್ನೊಂದು ನೆಲದ ನೀರಿನ ಖಾತೆ; ಮಳೆ ಜಮೆ, ಆವಿಯೂ ಬೇರು ಹೀರಿದ್ದೂ ಹರಿದುಹೋದದ್ದೂ ಖರ್ಚು. ಶಿಲ್ಕು ಇಲ್ಲದ ದಿನ ಮೊದಲ ಖಾತೆಗೆ ಏನೂ ಸೇರುವುದಿಲ್ಲ. ಮೂರನೆಯದು ಶಾಖದ ಖಾತೆ. ಸಸ್ಯವು ಪಂಚಾಂಗದ ದಿನಗಳನ್ನು ಎಣಿಸದೆ ತಾನು ಉಂಡ ಶಾಖವನ್ನು ಎಣಿಸುತ್ತದೆಂಬುದನ್ನು ಫ್ರಾನ್ಸಿನ ರೇಮ್ಯೂರನು ೧೭೩೫ರಲ್ಲಿಯೇ ಊಹಿಸಿದ್ದನು.

ಈ ಮೂರನೆಯ ಖಾತೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಅವಶ್ಯ. ಜೋಳವು ಸುಮಾರು ೮ ಡಿಗ್ರಿಗಿಂತ ಕೆಳಗೆ ಬೆಳೆಯುವುದಿಲ್ಲವೆಂದು ಇಟ್ಟುಕೊಳ್ಳೋಣ. ದಿನದ ಸರಾಸರಿ ಉಷ್ಣತೆ ೨೪ ಡಿಗ್ರಿಯಾದರೆ ಅಂದಿನ ಗಳಿಕೆ ೧೬. ಬಿತ್ತನೆಯಿಂದ ಕೊಯ್ಲಿನ ವರೆಗೆ ಒಟ್ಟು ೧,೮೪೦ ಬೇಕಾದ ತಳಿಯೊಂದು, ಲೆಕ್ಕದ ಸೌಕರ್ಯಕ್ಕಾಗಿ, ನಮ್ಮ ಮುಂದಿರಲಿ. ಅದು ೧೧೫ ದಿನಗಳಲ್ಲಿ ಮಾಗುವುದು. ಹವೆ ಎರಡು ಡಿಗ್ರಿ ಏರಿದರೆ ದಿನದ ಗಳಿಕೆ ೧೮. ಬೆಳೆ ೧೦೨ ದಿನಗಳಿಗೇ ಮಾಗಿಬಿಡುತ್ತದೆ. ಬೇಗ ಮಾಗುವುದು ಒಳ್ಳೆಯದಲ್ಲವೆ ಎಂದು ತೋರಬಹುದು. ಆದರೆ ಬೆಳಕನ್ನು ಕಾಳಾಗಿ ಪರಿವರ್ತಿಸುವ ದಿನಗಳಲ್ಲಿ ಹದಿಮೂರು ಕಳೆದುಹೋದವು. ತೆನೆಯಿದೆ, ಕಾಳು ತುಂಬಿಲ್ಲ. ಇದರ ಮೇಲೆ ಹೆಚ್ಚಿದ ಶಾಖಕ್ಕೆ ನೀರಿನ ಖಾತೆಯ ಖರ್ಚೂ ಏರುತ್ತದೆ.

ಆದರೂ ಪ್ರಾಮಾಣಿಕವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಹಿಂಗಾರಿ ಜೋಳವು ಮಳೆ ಬೀಳುವಾಗ ಬೆಳೆಯುವ ಪೈರಲ್ಲ. ಹಸ್ತ ಚಿತ್ತೆಗಳ ಮಳೆಯನ್ನು ನುಂಗಿಕೊಂಡ ಎರೆಯ ಹಸಿಯನ್ನೇ ಕುಡಿದು ಚಳಿಗಾಲವನ್ನು ಕಳೆಯುವಂಥದು. ಹಸಿ ಮುಗಿಯುವ ಮೊದಲೇ ಮಾಗಿದ ಬೆಳೆ ಕೆಲವು ವರ್ಷ ಬದುಕಿಕೊಳ್ಳುತ್ತದೆ. ಈ ಎರಡು ಎದುರುಬದಿರು ಶಕ್ತಿಗಳಲ್ಲಿ ಯಾವುದು ಗೆಲ್ಲುವುದೆಂಬುದನ್ನು ಬರಿಯ ತರ್ಕದಿಂದ ಹೇಳಲಾಗದು. ಮಾದರಿಯ ಉಪಯೋಗವಿರುವುದೇ ಇಲ್ಲಿ.

ಗಾಳಿಯಲ್ಲಿ ಹೆಚ್ಚುತ್ತಿರುವ ಇಂಗಾಲಾಮ್ಲವು ಸಸ್ಯಕ್ಕೆ ಆಹಾರವೇ ಆದುದರಿಂದ ನಷ್ಟವು ತುಂಬಿಬರುವುದೆಂದು ಕೆಲವರು ವಾದಿಸುವುದುಂಟು. ಹವಾಯಿ ದ್ವೀಪದಲ್ಲಿ ೧೯೫೮ರಲ್ಲಿ ಅಳೆಯತೊಡಗಿದಾಗ ದಶಲಕ್ಷಕ್ಕೆ ಸುಮಾರು ೩೧೫ ಭಾಗವಿದ್ದುದು ಇಂದು ೪೨೦ನ್ನು ಮೀರಿದೆ. ಗೋಧಿ, ಶೇಂಗಾ, ತೊಗರಿಗಳಿಗೆ ಇದರಿಂದ ಲಾಭವಿರುವುದು ನಿಜ. ಆದರೆ ಜೋಳ, ಸಜ್ಜೆ, ಮೆಕ್ಕೆಜೋಳ, ಕಬ್ಬುಗಳು ಇಂಗಾಲವನ್ನು ಹಿಡಿಯುವ ರೀತಿಯೇ ಬೇರೆ. ಅದನ್ನು ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕರು ೧೯೬೬ರಲ್ಲಿ ಕಬ್ಬಿನ ಎಲೆಯಲ್ಲಿ ಸ್ಪಷ್ಟಪಡಿಸಿದರು. ಈ ಗುಂಪಿನ ಸಸ್ಯಗಳು ತಮಗೆ ಬೇಕಾದುದನ್ನು ಮೊದಲೇ ಒತ್ತಿ ಕೂಡಿಸಿಕೊಳ್ಳುವುದರಿಂದ ಹೆಚ್ಚಿನ ಬಡಿಕೆಯಿಂದ ಅವಕ್ಕೆ ಸಿಗುವ ಲಾಭ ಅಲ್ಪ. ಯೂರೋಪಿನ ಗೋಧಿಗೆ ದೊರೆಯುವ ಈ ಪರಿಹಾರದ್ರವ್ಯ ಕರ್ಹೆಯ ಜೋಳಕ್ಕೆ ಹೆಚ್ಚಾಗಿ ದೊರೆಯಲಾರದು.

ಈಗ ಮಳೆಯ ಪ್ರಶ್ನೆ. ಬೆಳೆಯ ಮಾದರಿಗೆ ಮುಂದಿನ ದಶಕಗಳ ಹವೆಯನ್ನು ಒದಗಿಸುವುದು ಭೂಮಂಡಲದ ವಾಯುಗುಣದ ಮಾದರಿ. ಅದು ಭೂಮಿಯನ್ನು ಚೌಕಗಳಾಗಿ ವಿಂಗಡಿಸಿ ಒಂದೊಂದು ಚೌಕಕ್ಕೆ ಒಂದೊಂದು ಬೆಲೆಯನ್ನು ಕೊಡುತ್ತದೆ; ಚೌಕದ ಅಗಲ ಸಾಮಾನ್ಯವಾಗಿ ೧೦೦ ಕಿಲೋಮೀಟರಿನಷ್ಟು, ಕೆಲವು ಮಾದರಿಗಳಲ್ಲಿ ಅದಕ್ಕೂ ಹೆಚ್ಚು. ಜೇಜುರಿಯ ಬೆಟ್ಟದ ಮೇಲೆ ನಿಂತು ಇದರ ಅರ್ಥವನ್ನು ಯೋಚಿಸಿರಿ. ಇಲ್ಲಿಂದ ಮಹಾಬಳೇಶ್ವರಕ್ಕೆ ಹಕ್ಕಿ ಹಾರುವ ದಾರಿಯಲ್ಲಿ ೭೦ ಕಿಲೋಮೀಟರು ಕೂಡ ಇಲ್ಲ. ಅಲ್ಲಿ ವರ್ಷಕ್ಕೆ ೫,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ. ಇಲ್ಲಿ ಸುಮಾರು ೫೦೦. ಸಹ್ಯಾದ್ರಿಯ ಶಿಖರವೂ ಅದರ ಮಳೆಯ ನೆರಳೂ ಒಂದೇ ಚೌಕದಲ್ಲಿ ಅಡಗಿಹೋಗುತ್ತವೆ. ಬರುವ ಸರಾಸರಿಯು ಅಲ್ಲಿಯದೂ ಅಲ್ಲ, ಇಲ್ಲಿಯದೂ ಅಲ್ಲ. ಹಾಲೆಂಡಿನ ಬಯಲಿನಲ್ಲಿಯಾದರೋ ನೂರು ಕಿಲೋಮೀಟರಿನೊಳಗೆ ಇಂಥ ಪ್ರಪಾತವಿಲ್ಲ. ದೈನಂದಿನ ಮುನ್ಸೂಚನೆಗಾಗಿ ಪಾಷಾಣದ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯು ಸಿದ್ಧಪಡಿಸಿದ, ೬ ಕಿಲೋಮೀಟರಿನ ಚೌಕದ ವ್ಯವಸ್ಥೆ ೨೦೨೫ರ ಮೇ ತಿಂಗಳಲ್ಲಿ ಬಳಕೆಗೆ ಬಂದಿತು. ಆದರೆ ಹತ್ತು ದಿನಗಳ ಮುನ್ಸೂಚನೆ ಬೇರೆ, ನೂರು ವರ್ಷಗಳ ಲೆಕ್ಕ ಬೇರೆ; ಅಷ್ಟು ಸೂಕ್ಷ್ಮವಾದ ಚೌಕಗಳಲ್ಲಿ ಶತಮಾನವನ್ನು ಎಣಿಸುವುದಕ್ಕೆ ತಗಲುವ ಗಣಕಯಂತ್ರದ ಶ್ರಮ ಅಪಾರ.

ಇದಕ್ಕಿಂತಲೂ ಗುಪ್ತವಾದ ದೋಷವೊಂದಿದೆ. ಭೂಮಂಡಲದ ಮಾದರಿಗಳು ಮಳೆಯನ್ನು ಮೇಲಿಂದ ಮೇಲೆ, ತುಂತುರಾಗಿ ಸುರಿಸುವ ಚಾಳಿಯವು. ತಿಂಗಳ ಮೊತ್ತ ಸರಿಯಾಗಿಯೇ ಇರಬಹುದು; ಆದರೆ ಆ ಗಣಿತದ ನೆಲ ಎಂದೂ ಪೂರಾ ಒಣಗುವುದಿಲ್ಲ. ನಮ್ಮ ನೆಲದ ರೀತಿ ಹಾಗಲ್ಲ. ಇಪ್ಪತ್ತು ದಿನ ಕಾದು, ಒಂದು ಸಂಜೆ ಹೊಡೆದು, ತೆಳುಮಣ್ಣಿನ ಮೇಲೆ ಹರಿದು ಹೋಗುವ ಮಳೆ ಇಲ್ಲಿಯದು. ಭೂವಿಜ್ಞಾನ ಸಚಿವಾಲಯವು ೨೦೨೦ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಕಂಡಂತೆ ೧೯೦೧ರಿಂದ ೨೦೧೮ರ ವರೆಗೆ ದೇಶದ ಉಷ್ಣತೆ ಸುಮಾರು ೦.೭ ಡಿಗ್ರಿ ಏರಿತು. ೧೯೫೧ರಿಂದ ೨೦೧೫ರ ಅವಧಿಯಲ್ಲಿ ಮುಂಗಾರಿನ ಮೊತ್ತ ಶೇಕಡ ೬ರಷ್ಟು ಇಳಿಯಿತು. ಅದೇ ಕಾಲದಲ್ಲಿ ಮಧ್ಯಭಾರತದಲ್ಲಿ ದಿನಕ್ಕೆ ೧೫೦ ಮಿಲಿಮೀಟರನ್ನು ಮೀರುವ ಮಳೆಗಳು ಶೇಕಡ ೭೫ರಷ್ಟು ಹೆಚ್ಚಿದವು. ಮೊತ್ತ ಇಳಿಯುವುದೂ ಹೊಡೆತ ಹೆಚ್ಚುವುದೂ ಏಕಕಾಲಕ್ಕೆ ಸಾಧ್ಯವೆಂಬುದಕ್ಕೆ ಇದೇ ಪ್ರಮಾಣ. ನೀರಿನ ಖಾತೆಗೆ ಮೊತ್ತಕ್ಕಿಂತ ಹಂಚಿಕೆಯೇ ಮುಖ್ಯ.

ಯೂರೋಪಿನ ಮಾದರಿಗೂ ನಮ್ಮ ಹೊಲಕ್ಕೂ ಇನ್ನೊಂದು ಅಂತರವಿದೆ. ಅಲ್ಲಿ ಬಿತ್ತನೆಯ ಕಾಲವನ್ನು ಬಹುಮಟ್ಟಿಗೆ ನೆಲದ ಬಿಸುಪು ನಿರ್ಣಯಿಸುತ್ತದೆ, ಇಲ್ಲಿ ಮಳೆ. ಆದುದರಿಂದ ನಮ್ಮ ಕಡೆಯ ಮಾದರಿಯಲ್ಲಿ ಬಿತ್ತುವ ದಿನವನ್ನು ನಿಶ್ಚಿತ ತಾರೀಖಾಗಿ ಕೊಡದೆ, ಇಂಥ ದಿನದ ಮೇಲೆ ಕೆಲವು ದಿನಗಳೊಳಗೆ ಇಷ್ಟು ಮಿಲಿಮೀಟರು ಬಿದ್ದರೆ ಬಿತ್ತಬೇಕು ಎಂಬ ನಿಯಮವಾಗಿ ಬರೆಯುತ್ತಾರೆ. ಈ ನಿಯಮವನ್ನು ಓದುವಾಗ ನನಗೆ ನಗು ಬಂದಿತು. ರೋಹಿಣಿ ಮೃಗಶಿರೆಗಳು ಬಂದು ನೆಲ ಹದವಾದರೆ ಕೂರಿಗೆ ಹೂಡು ಎಂಬ ನಮ್ಮ ಮಳೆನಕ್ಷತ್ರಗಳ ಲೆಕ್ಕವು ಅಕ್ಷರಶಃ ಇದೇ ಆಕಾರದ್ದು. ಒಂದು ಕುತೂಹಲದ ಸಂಗತಿಯನ್ನು ಮಾತ್ರ ಇಲ್ಲಿ ಸೇರಿಸಬಹುದು: ಅಯನಚಲನದ ಕಾರಣ ಸೂರ್ಯನ ನಕ್ಷತ್ರಪ್ರವೇಶವು ಋತುಚಕ್ರದಲ್ಲಿ ಸುಮಾರು ೭೨ ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತದೆ. ಸಾವಿರ ವರ್ಷಗಳ ಕೆಳಗೆ ಮೃಗಶಿರೆ ಈಗಿಗಿಂತ ಎರಡು ವಾರ ಮೊದಲೇ ಬರುತ್ತಿತ್ತು. ಹಾಗಾದರೂ ಒಕ್ಕಲಿಗರ ಲೆಕ್ಕ ಕೆಡಲಿಲ್ಲ. ಏಕೆಂದರೆ ಅವರು ನಕ್ಷತ್ರದ ಹೆಸರನ್ನು ಹಿಡಿದರೂ ನೋಡುತ್ತಿದ್ದುದು ಮಣ್ಣಿನ ಹದವನ್ನು.

ಇಷ್ಟು ಎಚ್ಚರಿಕೆಯೊಡನೆ ಫಲಿತಾಂಶಕ್ಕೆ ಬರೋಣ. ಇನ್ಫೋಕ್ರಾಪ್ ಮಾದರಿಯಿಂದ ಭಾರತದ ಜೋಳವನ್ನು ಪರಿಶೀಲಿಸಿ ಶ್ರೀವಾಸ್ತವ, ನರೇಶ್ ಕುಮಾರ್ ಮತ್ತು ಅಗರವಾಲರು ೨೦೧೦ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಹಿಂಗಾರಿ ಜೋಳದ ಇಳುವರಿಯಲ್ಲಿ ೨೦೨೦ರ ಸುಮಾರಿಗೆ ಶೇಕಡ ೭ರ ವರೆಗೆ, ೨೦೫೦ಕ್ಕೆ ೧೧ರ ವರೆಗೆ, ೨೦೮೦ಕ್ಕೆ ೩೨ರ ವರೆಗೆ ಕುಂದು ತಟ್ಟಬಹುದು. ಮಳೆ ಹೆಚ್ಚಿದರೆ ಈ ನಷ್ಟದ ಬಹುಭಾಗ ಪರಿಹಾರವಾದೀತು. ಆದರೆ ಉಷ್ಣತೆಯ ಏರಿಕೆ ೨ ಡಿಗ್ರಿಯನ್ನು ದಾಟಿದ ಮೇಲೆ ಮಳೆ ಇಮ್ಮಡಿಸಿದರೂ ಪೂರ್ತಿ ಪರಿಹಾರವಾಗದು. ನನ್ನ ದೃಷ್ಟಿಯಲ್ಲಿ ಈ ಕಡೆಯ ವಾಕ್ಯವೇ ಲೇಖನದ ಸಾರಭಾಗ. ಶೇಕಡ ಇಷ್ಟೆಂಬ ಅಂಕೆಗಳು ಮಳೆಯ ಅಂದಾಜನ್ನು ಅವಲಂಬಿಸಿವೆ. ಆ ಅಂದಾಜು ಸಡಿಲವೆಂಬುದನ್ನು ಮೇಲೆ ಕಂಡೆವು. ಉಷ್ಣತೆಯ ಅಂದಾಜು ಹಾಗಲ್ಲ. ಎಷ್ಟು ಏರೀತೆಂಬಲ್ಲಿ ಭಿನ್ನಾಭಿಪ್ರಾಯವುಂಟು, ಏರುವುದೆಂಬಲ್ಲಿ ಇಲ್ಲ. ಶಾಖದ ಸಾಲವನ್ನು ಮಳೆಯ ನಾಣ್ಯದಿಂದ ತೀರಿಸಲು ಬರುವುದಿಲ್ಲವೆಂಬ ಮಾತು ಮಳೆಯ ಅನಿಶ್ಚಯದಿಂದ ಅಲುಗಾಡುವಂಥದಲ್ಲ.

ಯೂರೋಪಿಗೂ ಈ ಪಾಠ ೨೦೦೩ರ ಬೇಸಗೆಯಲ್ಲಿ ಆಯಿತು. ಇಟಲಿಯ ಪೋ ನದಿಯ ಬಯಲಿನಲ್ಲಿ ಆ ವರ್ಷ ಮೆಕ್ಕೆಜೋಳದ ಇಳುವರಿ ಶೇಕಡ ೩೬ರಷ್ಟು ಕುಸಿಯಿತು. ಒಂದೊಂದು ಡಿಗ್ರಿಗೆ ಜಗತ್ತಿನ ಗೋಧಿ ಸುಮಾರು ಶೇಕಡ ೬, ಮೆಕ್ಕೆಜೋಳ ಶೇಕಡ ೭.೪ ಕಡಮೆಯಾಗುವುದೆಂದು ೨೦೧೭ರ ಸಮೀಕ್ಷೆಯೊಂದು ಬೇರೆ ಬೇರೆ ವಿಧಾನಗಳ ಫಲಿತಗಳನ್ನು ಕೂಡಿಸಿ ಹೇಳಿತು. ಆದರೆ ಯೂರೋಪಿಗೆ ಒಂದು ಸಮಾಧಾನವಿದೆ. ದಕ್ಷಿಣದಲ್ಲಿ ಕಳೆದುಕೊಂಡದ್ದರಲ್ಲಿ ಕೆಲಭಾಗವನ್ನು, ಚಳಿ ತಗ್ಗಿ ಬೆಳೆಯ ಕಾಲ ದೀರ್ಘವಾಗುವ ಉತ್ತರದಲ್ಲಿ ಪಡೆಯಬಹುದು. ದಖನ್ನಿಗೆ ಹಾಗೆ ಸರಿದುಹೋಗಲು ಬೇರೊಂದು ಉತ್ತರವಿಲ್ಲ.

ಉಪಾಯವೇನು? ತಳಿಯನ್ನೂ ಬಿತ್ತುವ ಕಾಲವನ್ನೂ ಬದಲಿಸಿದರೆ ನಷ್ಟ ಕುಗ್ಗುವುದೆಂದು ಮಾದರಿ ಹೇಳುತ್ತದೆ. ಹೇಳಿದ್ದು ಸರಿ, ಆದರೆ ಆ ಉತ್ತರ ಕಾಳಿನ ಉತ್ತರ. ನಮ್ಮ ಹಿಂಗಾರಿಯ ರಾಜನೆನಿಸಿದ ಎಂ ೩೫-೧ ಎಂಬ ಮಾಲದಂಡಿ ಜೋಳವನ್ನು ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ೧೯೩೦ರ ದಶಕದಲ್ಲಿ ನಾಟಿ ತಳಿಯಿಂದ ಆಯ್ದರು. ಅದಕ್ಕಿಂತ ಹೆಚ್ಚು ಕಾಳು ಕೊಡುವ ತಳಿಗಳು ಆಮೇಲೆ ಎಷ್ಟೋ ಬಂದರೂ ರೈತರು ಅದನ್ನು ಬಿಡಲಿಲ್ಲ. ರೊಟ್ಟಿಯ ರುಚಿ ಒಂದು ಕಾರಣ; ಎತ್ತರವಾದ ಸಿಹಿ ದಂಟು, ಅಂದರೆ ಮೇವು, ಅದಕ್ಕಿಂತ ಬಲವಾದ ಕಾರಣ. ಬರದ ವರ್ಷದಲ್ಲಿ ಕಾಳನ್ನು ಎಲ್ಲಿಂದಾದರೂ ತರಿಸಬಹುದು, ಕಣಿಕೆಯ ಸಿವುಡನ್ನು ತರಿಸುವುದು ಕಷ್ಟವೆಂಬುದನ್ನು ೧೯೭೨ರ ಬರವನ್ನು ಕಂಡ ಯಾವ ಒಕ್ಕಲಿಗನಾದರೂ ಹೇಳಿಯಾನು. ಬೇಗ ಮಾಗುವ ಗಿಡ್ಡ ತಳಿಯನ್ನು ಬಿತ್ತಿದರೆ ಕಾಳಿನ ಅಂಕಿ ಉಳಿದೀತು, ಎತ್ತುಗಳ ಬಾಯಿಗೇನು? ಕೊಯ್ದ ಹೊಲಗಳಲ್ಲಿ ಕುರಿ ಮೇಯಿಸುತ್ತ ಸಾಗುವ ಧನಗರರಿಗೇನು? ಜೇಜುರಿಯ ದೇವನ ಒಬ್ಬ ಮಡದಿಯಾದ ಬಾಣಾಯಿ ಆ ಕುಲದವಳೆಂದು ಐತಿಹ್ಯ. ಬೆಟ್ಟದ ಭಕ್ತರಲ್ಲಿ ಅವರ ಸಂಖ್ಯೆ ಸಣ್ಣದಲ್ಲ. ಫಲಿತಾಂಶದ ಕೋಷ್ಟಕದಲ್ಲಿ ಮಾತ್ರ ಅವರಿಗೊಂದು ಕಲಮು ಇಲ್ಲ. ವಾಸ್ತವವಾಗಿ ಮಾದರಿಯು ದಂಟಿನ ತೂಕವನ್ನೂ ದಿನದಿನವೂ ಲೆಕ್ಕ ಹಾಕಿಯೇ ಇರುತ್ತದೆ. ಅದನ್ನು ಕೇಳಿ ಪಡೆಯುವವರು ಬೇಕು, ಅಷ್ಟೆ.

ಕೇಳಿದ ಮೇಲೆ ಬಂದ ಉತ್ತರವನ್ನು ಒರೆಹಚ್ಚುವುದಕ್ಕೆ ಹೊಲದಲ್ಲಿ ತೂಗಿದ ಅಂಕೆಗಳು ಬೇಕು. ಅವು ಗಣಕಯಂತ್ರದಿಂದ ಹುಟ್ಟುವುದಿಲ್ಲ. ಪುಣೆಯ ಹತ್ತಿರದ ಮಾಂಜರಿಯಲ್ಲಿ ೧೯೨೩ರಿಂದ, ಬಳಿಕ ೧೯೩೩ರಿಂದಾಚೆಗೆ ಸೊಲ್ಲಾಪುರ, ವಿಜಯಪುರ, ಬಳ್ಳಾರಿಯ ಹಗರಿ, ರಾಯಚೂರುಗಳಲ್ಲಿ ಒಣಬೇಸಾಯದ ಕ್ಷೇತ್ರಗಳು ನಡೆದವು. ಒಡ್ಡು ಹಾಕಿದ ಹೊಲದಲ್ಲಿ ಎಷ್ಟು ಹಸಿ ನಿಂತಿತು, ಸಾಲುಗಳ ನಡುವೆ ಎಷ್ಟು ಅಂತರ ಬಿಟ್ಟರೆ ಎಷ್ಟು ತೆನೆ ಬಂದಿತೆಂಬುದನ್ನು ಅಲ್ಲಿ ವರ್ಷ ವರ್ಷವೂ ಬರೆದಿಟ್ಟರು. ಈ ಐದರಲ್ಲಿ ಮೂರು ಇಂದಿನ ಕರ್ನಾಟಕದವು. ಇಂದು ಕರ್ಹೆಯ ಕೆಳದಂಡೆಯ ಬಾರಾಮತಿಯ ಬಳಿ, ೨೦೦೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಜೈವಿಕ ಒತ್ತಡ ನಿರ್ವಹಣ ಸಂಸ್ಥೆಯು ಕಲ್ಲುನೆಲವನ್ನೇ ಕ್ಷೇತ್ರವಾಗಿ ಮಾಡಿಕೊಂಡು ಶಾಖ ಮತ್ತು ಬರಗಳಿಗೆ ಬೆಳೆ ಹೇಗೆ ಪ್ರತಿಕ್ರಿಯಿಸುವುದೆಂಬುದನ್ನು ಅಳೆಯುತ್ತಿದೆ. ಜೇಜುರಿಯ ಸೋಮವತಿ ಅಮಾವಾಸ್ಯೆಯಲ್ಲಿ ಖಂಡೋಬನ ಪಲ್ಲಕ್ಕಿ ಸ್ನಾನಕ್ಕಿಳಿಯುವ ಹೊಳೆಯೇ ಮುಂದೆ ಹರಿದು ಆ ಸೀಮೆಯನ್ನು ಸೇರುತ್ತದೆ. ನಾಝರೆಯ ಕಟ್ಟೆಯನ್ನು ದಾಟುವಷ್ಟು ನೀರು ಆ ವರ್ಷ ಬಂದಿದ್ದರೆ.